ಸುಣ್ಣದ ತಿಳಿ

ಆಂಬುಲೆನ್ಸ್ ಶಿರಾಲಿ ದಾಟುವಾಗ ನನ್ನ ಗೆಳತಿ ತನ್ನ ಅಂಗಡಿಯ ಮುಂದೆ ನಿಂತಿದ್ದಳು. ತಗಡಿನ ಮಾಡಿನ ಕೆಳಗೆ ಯಾರದೋ ಕ್ಯಾನಿಗೆ ನೀರು ಬಿಡುತ್ತಿದ್ದಳು. ನಾನು ಡ್ರೈವರನ ಪಕ್ಕದ ಸೀಟಿನಲ್ಲಿದ್ದೆ. ಹಿಂದೆ ಅಮ್ಮ ಮಲಗಿದ್ದಳು, ತಮ್ಮ ಅವಳ ಕೈ ಹಿಡಿದುಕೊಂಡು ಕೂತಿದ್ದ. ಆ ಗಾಡಿಯಲ್ಲಿ ಇರುವುದು ನಾವೇ ಎಂದು ಗೆಳತಿಗೆ ಗೊತ್ತಿತ್ತು. ಕುಮಟಾದಿಂದ ಹೊರಡುವ ಮೊದಲು ನಾನೇ ಫೋನಿನಲ್ಲಿ ಹೇಳಿದ್ದೆ. ಸೈರನ್ ಕೇಳಿ ಅವಳು ತಲೆ ಎತ್ತಿದಳು. ದಾರಿಯಲ್ಲಿ ಹೋಗುವ ಯಾವುದೋ ಆಂಬುಲೆನ್ಸನ್ನು ನೋಡುವ ಹಾಗೆ ನೋಡಿದಳು. ಆಮೇಲೆ ಬಗ್ಗಿ, ಕ್ಯಾನು ತುಂಬಿತೋ ಎಂದು ನೋಡಿದಳು.

ಅಮ್ಮ ಈಗ ಮನೆಯಲ್ಲಿದ್ದಾಳೆ, ನಡೆಯುತ್ತಾಳೆ, ಬಯ್ಯುತ್ತಾಳೆ. ಆದರೂ ನನಗೆ ಆ ದೃಶ್ಯ ಹೋಗುತ್ತಿಲ್ಲ. ಬಸ್ಸಿನಲ್ಲಿ ಕೂತಾಗ, ನಲ್ಲಿ ತಿರುಗಿಸಿದಾಗ, ಪಾತ್ರೆಗೆ ನೀರು ಬೀಳುವ ಸದ್ದು ಕೇಳಿದಾಗ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ತಲೆ ಎತ್ತಿದಳು, ನೋಡಿದಳು, ಬಗ್ಗಿದಳು.

ನಮ್ಮದು ತದಡಿ ಬಂದರಿನ ಹತ್ತಿರದ ಮನೆ. ತಮ್ಮ ಬೋಟಿಗೆ ಹೋಗುತ್ತಾನೆ, ಅಮ್ಮ ಒಣಮೀನು ಮಾರುತ್ತಾಳೆ, ನಾನು ಕುಮಟಾದ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಗೆಳತಿ ಶಿರಾಲಿಯ ಕಡೆಯವಳು. ಕುಮಟಾದಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಸಾರು ಸೇರದೆ ವಾರದ ಕೊನೆಗೆ ನಮ್ಮ ಮನೆಗೆ ಬರುತ್ತಿದ್ದಳು. ಅವಳದು ವಿಜ್ಞಾನ, ನನ್ನದು ಕಲೆ. ಅವಳು ಅಮ್ಮನ ಪಕ್ಕದಲ್ಲಿ ಕೂತು ಬಂಗಡೆಯ ಮುಳ್ಳು ಬಿಡಿಸುವುದನ್ನು ಕಲಿತಳು, ಅಮ್ಮ ಅವಳ ತಲೆಗೆ ಎಣ್ಣೆ ಹಚ್ಚಿದಳು. ಇಬ್ಬರಲ್ಲಿ ಯಾರು ಹೆಚ್ಚು ತಿಂದರು ಎಂದು ಅಮ್ಮ ಕೇಳಿದರೆ ಉತ್ತರ ಯಾವಾಗಲೂ ಅವಳೇ.

ಅಮ್ಮನದೊಂದು ರೂಢಿ ಇದೆ. ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ಬಾವಿ ನೀರು. ಬಾಯಾರಿಕೆಗೂ, ಬಾಯಾರಿಕೆಗೆ ಕೊಡುವ ಇದಕ್ಕೂ ನಮ್ಮಲ್ಲಿ ಆಸರಿ ಎನ್ನುತ್ತಾರೆ. ಬಂದವರ ಕೈಯಲ್ಲಿ ತಂಬಿಗೆ ಇರುವ ತನಕ ಅವರಿಗೆ ಬಿರುಸು ಮಾತು ಆಡಬಾರದು. ಕಡಲಿನ ದಂಡೆಯಲ್ಲಿ ಬೇಸಿಗೆ ಬಂತೆಂದರೆ ಅರ್ಧ ಬಾವಿಗಳು ಉಪ್ಪಾಗುತ್ತವೆ; ಸಪ್ಪೆ ನೀರು ಇರುವ ಮನೆಯವರು ಕೊಡಬೇಕು, ಕುಡಿಯುವವರ ಗಂಟಲಿಗೆ ಕೈ ಹಾಕಬಾರದು ಎನ್ನುವುದು ಅವಳ ಅವ್ವ ಹೇಳಿಕೊಟ್ಟದ್ದಂತೆ.

ಒಮ್ಮೆ ಪಕ್ಕದ ಮನೆಯವನು, ನಮ್ಮ ಮೀನು ಒಣಗಿಸುವ ಚಾಪೆ ಅವನ ಜಾಗಕ್ಕೆ ಬಂದಿದೆ ಎಂದು ಕೂಗಾಡುತ್ತ ಬಂದ. ಅಮ್ಮ ಒಂದು ಮಾತೂ ಆಡದೆ ತಂಬಿಗೆ ಕೊಟ್ಟಳು. ಅವನು ಕುಡಿಯುವ ತನಕ ಸೊಂಟಕ್ಕೆ ಕೈ ಕೊಟ್ಟು ಕಾದಳು. ಅವನು ತಂಬಿಗೆಯನ್ನು ಜಗಲಿಯ ಮೇಲೆ ಇಟ್ಟದ್ದೇ ತಡ, "ಕೆಳಗಿಟ್ಟೆ ಅಲ್ದಾ? ಈಗ ಕೇಳು," ಎಂದು ಶುರು ಮಾಡಿದವಳು ಅವನ ಅಜ್ಜನ ಕಾಲದ ಬೇಲಿಯವರೆಗೂ ಹೋದಳು. ಗೆಳತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿಂದ ಮುಂದೆ ತಡವಾಗಿ ಬಂದ ದಿನವೆಲ್ಲ ಅವಳು ಓಡಿಹೋಗಿ ತಂಬಿಗೆ ಹಿಡಿದುಕೊಂಡು ನಿಲ್ಲುತ್ತಿದ್ದಳು.

"ಅಮ್ಮಾ, ತಂಬಿಗೆ ಕೈಲಿದೆ! ಬೈಯೂ ಹಾಂಗಿಲ್ಲ!"

"ಎಷ್ಟ್ ಹೊತ್ತು ಹಿಡ್ಕಂತಿಯೇ? ಕೈ ಸೋತ ಮೇಲೆ ನೋಡ್ಕಂತೆ ನಿನ್ನ," ಎನ್ನುತ್ತಿದ್ದಳು ಅಮ್ಮ. ಬಯ್ದದ್ದು ಮಾತ್ರ ಇಲ್ಲ.

ಓದು ಮುಗಿದ ಮೇಲೆ ಗೆಳತಿ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಕೊರೊನಾ ಬಂದಾಗ ಆ ಕೆಲಸ ಹೋಯಿತು. ಬಹಳ ದಿನ ಸುದ್ದಿಯೇ ಇರಲಿಲ್ಲ. ಆಮೇಲೆ ಒಂದು ಭಾನುವಾರ ಸ್ಕೂಟರಿನಲ್ಲಿ ಬಂದಳು. ಹೊಸ ಸೀರೆ, ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ನೀರಿನ ಬಾಟಲಿ. ಶಿರಾಲಿಯಲ್ಲಿ ಹೆದ್ದಾರಿಯ ಬದಿಗೇ ಅಂಗಡಿ ಹಾಕಿದ್ದಾಳೆ, ವಿದೇಶದ ಮಷಿನ್ ತರಿಸಿದ್ದಾಳೆ, ಅದರಿಂದ ಅಲ್ಕಲೈನ್ ನೀರು ಬರುತ್ತದೆ ಎಂದಳು.

ಅಮ್ಮನಿಗೆ ಬಹಳ ಕಾಲದಿಂದ ಎದೆಯುರಿ, ಹುಳಿತೇಗು. ಬೆಳಗ್ಗೆ ಬರಿಹೊಟ್ಟೆಗೆ ಚಹಾ ಕುಡಿದು ಪೇಟೆಗೆ ಹೊರಟರೆ ಮಧ್ಯಾಹ್ನದ ತನಕ ಬಾಯಲ್ಲಿ ಕವಳ ಒಂದೇ. ಎಲೆ, ಅಡಿಕೆ, ಚಿಪ್ಪಿ ಸುಟ್ಟು ಮಾಡಿದ ಸುಣ್ಣ. ನೀರು ಕುಡಿದರೆ ಪೇಟೆಯಲ್ಲಿ ಹೆಂಗಸರು ಎಲ್ಲಿಗೆ ಹೋಗಬೇಕು? ಹಾಗಾಗಿ ನೀರೂ ಇಲ್ಲ. ಕುಮಟಾದ ಡಾಕ್ಟರು ಹೊಟ್ಟೆಗೊಂದು ಗುಳಿಗೆ, ಮಂಡಿನೋವಿಗೆ ಕ್ಯಾಲ್ಸಿಯಂ ಗುಳಿಗೆ ಕೊಟ್ಟಿದ್ದರು.

ಗೆಳತಿ ಎರಡು ಗಾಜಿನ ಲೋಟ ಕೇಳಿ ತರಿಸಿದಳು. ಒಂದಕ್ಕೆ ನಮ್ಮ ಬಾವಿ ನೀರು, ಇನ್ನೊಂದಕ್ಕೆ ಅವಳ ನೀರು. ಚೀಲದಿಂದ ಸಣ್ಣ ಸೀಸೆ ತೆಗೆದು ಎರಡಕ್ಕೂ ಕೆಲವು ಹನಿ ಹಾಕಿದಳು. ನಮ್ಮ ನೀರು ಹಳದಿಯಾಯಿತು. ಅವಳದು ನೀಲಿ.

"ನೋಡಿ ಅಮ್ಮಾ. ನಿಮ್ಮ ಬಾವೀಲಿ ಇರೂದೇ ಆಮ್ಲ. ಎದೆಯುರಿ ಎಲ್ಲಿಂದ ಬಂತು ಅಂತ ಈಗ ಗೊತ್ತಾತಲ್ಲ?"

ಅಮ್ಮ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಎಂತ ಚಂದ ಬಣ್ಣವೇ! ಕಡಲ್ ಹಾಂಗೆ ಕಾಂತದೆ."

"ಈ ನೀರು ಕುಡಿದ್ರೆ ಹೊಟ್ಟೆ ಗುಳಿಗೆ ಬೇಡವೇ ಬೇಡ. ಕ್ಯಾಲ್ಸಿಯಂ ಗುಳಿಗೆ ಇರ್ಲಿ, ಅದು ಒಳ್ಳೇದೇ."

ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಿಜ್ಞಾನ ಓದಿದವಳು ಅವಳು. ಅದಕ್ಕಿಂತ ಹೆಚ್ಚಾಗಿ, ನಮ್ಮ ಮನೆಯ ಅನ್ನ ಉಂಡವಳು. ಹೊರಡುವಾಗ ಅವಳು ಬೆಲ್ಲ ಬಾಯಿಗೆ ಹಾಕಿಕೊಂಡು ನಮ್ಮ ಬಾವಿ ನೀರನ್ನೇ ಗಟಗಟ ಕುಡಿದು, "ಈ ರುಚಿ ಎಲ್ಲೂ ಇಲ್ಲ ಅಮ್ಮಾ," ಎಂದಳು. ಆ ಹೊತ್ತಿನಲ್ಲಿ ಅದು ಪ್ರೀತಿ ಎಂದೇ ಕಂಡಿತು. ಅಷ್ಟು ತಿಂಗಳಲ್ಲಿ ಅವಳು ತನ್ನ ನೀರನ್ನು ತಾನು ಕುಡಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಇದು ಹೊಳೆದದ್ದು ಈಗ, ಕೂತು ಕೂತು ಎಲ್ಲವನ್ನೂ ತಿರುವಿಹಾಕುವಾಗ.

ತದಡಿಯಿಂದ ಭಟ್ಕಳದ ಪೇಟೆಗೆ ಮೀನು ಒಯ್ಯುವ ಟೆಂಪೊ ದಿನವೂ ಶಿರಾಲಿ ದಾಟುತ್ತದೆ. ಮರಳುವಾಗ ಅದರಲ್ಲಿ ಅಮ್ಮನಿಗೆ ಕ್ಯಾನು ಬರತೊಡಗಿತು. ಮೀನಿನ ವಾಸನೆ ಹತ್ತಿದ ಕ್ಯಾನನ್ನು ಅಮ್ಮ ಬೂದಿ ಹಾಕಿ ತಿಕ್ಕಿ ಒಳಗಿಡುತ್ತಿದ್ದಳು. ಎದೆಯುರಿ ಕಡಿಮೆಯಾಯಿತು ಎಂದಳು. ದಿನಕ್ಕೆ ಒಂದು ಹನಿ ನೀರು ಕುಡಿಯದಿದ್ದವಳು ತಂಬಿಗೆ ತಂಬಿಗೆ ಕುಡಿಯತೊಡಗಿದರೆ ಕಡಿಮೆಯಾಗದೆ ಇರುತ್ತದೆಯೇ? ಆದರೆ ಹೆಸರು ಬಂದದ್ದು ಮಷಿನಿಗೆ.

ಹೊನ್ನಾವರದ ಒಂದು ಸಭಾಭವನದಲ್ಲಿ ಈ ನೀರಿನವರ ಸಭೆ ನಡೆದಾಗ ಗೆಳತಿ ಅಮ್ಮನನ್ನು ವೇದಿಕೆ ಹತ್ತಿಸಿದಳು. ಮೈಕು ಕೈಗೆ ಬಂದದ್ದೇ ಅಮ್ಮ ಪೇಟೆಯ ದನಿ ತೆಗೆದಳು: "ನಂಗೆ ಎದೆಯುರಿ ಇತ್ತು, ಈಗಿಲ್ಲ. ಬೇಕಾದವ್ರು ತಕಣಿ, ಬೇಡದವ್ರು ಹಿಂದಿನವ್ರಿಗೆ ದಾರಿ ಬಿಡಿ!" ಜನ ನಕ್ಕು ಚಪ್ಪಾಳೆ ತಟ್ಟಿದರು. ಗೆಳತಿ ಅಮ್ಮನನ್ನು ತಬ್ಬಿಕೊಂಡು ಕಣ್ಣು ಒರೆಸಿಕೊಂಡಳು. ನನ್ನ ಕಣ್ಣಲ್ಲೂ ನೀರು ಬಂದಿತ್ತು. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಮಳೆಗಾಲ ಶುರುವಾಗಿ ಬೋಟುಗಳು ದಡಕ್ಕೆ ಬಂದವು. ಮೀನುಗಾರಿಕೆ ಬಂದ್ ಆದರೆ ಟೆಂಪೊ ಕೂಡ ಬಂದ್. ಒಣಮೀನಿಗೆ ಒಳ್ಳೆಯ ಕಾಲ, ಆದರೆ ಅಮ್ಮನ ಕ್ಯಾನು ಬರುವ ದಾರಿ ನಿಂತಿತು. ಅಮ್ಮ ಜಗಲಿಯಲ್ಲಿ ಕೂತು ಒಣಮೀನಿನ ತಲೆ ಮುರಿಯುತ್ತಾ, ಫೋನನ್ನು ಸ್ಪೀಕರಿಗೆ ಹಾಕಿ ಗೆಳತಿಯ ಹತ್ತಿರ ಗೋಳು ಹೇಳಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಅವಳು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ.

"ಅಮ್ಮಾ, ನಿಮ್ಮನೇಲಿ ಕವಳದ ಸುಣ್ಣ ಇದ್ಯಲ್ಲ? ಭರಣಿಯಲ್ಲಿ ಮೇಲೆ ತಿಳಿ ನಿಂತಿರ್ತದಲ್ಲ, ಅದನ್ನ ಚಮಚದಲ್ಲಿ ತೆಗ್ದು ಬಾವಿ ನೀರಿಗೆ ಹಾಕ್ಕಣಿ. ಅದೂ ಅಲ್ಕಲೈನೇ. ಟೆಂಪೊ ಶುರುವಾಗೂ ತನಕ ಸುಧಾರಿಸ್ಕಣಿ."

"ಅಯ್ಯೋ, ಇಷ್ಟೇಯಾ? ಹಾಂಗಾರೆ ಇಷ್ಟ್ ದಿನ ನಂಗೆ ಸುಣ್ಣದ ನೀರು ಕುಡ್ಸಿದ್ಯೇನೇ ಹುಡ್ಗೀ?"

ಆಚೆಯಿಂದ ಅವಳು ನಕ್ಕಳು. ಈಚೆಯಿಂದ ಅಮ್ಮ ನಕ್ಕಳು. ನಾನೂ ನಕ್ಕೆ.

ಹನಿ ಹಾಕುವ ಸೀಸೆಯನ್ನು ಗೆಳತಿ ಅಮ್ಮನಿಗೆ ಮೊದಲೇ ಕೊಟ್ಟಿದ್ದಳು, ಬಂದರಿನ ಹೆಂಗಸರಿಗೆ ತೋರಿಸಲಿ ಎಂದು. ಸುಣ್ಣದ ತಿಳಿ ಬೆರೆಸಿದ ನೀರಿಗೆ ಅಮ್ಮ ಆ ಹನಿ ಹಾಕಿದಳು. ಅದು ನೀಲಿಯೂ ದಾಟಿ ನೇರಳೆ ಬಣ್ಣಕ್ಕೆ ಹೋಯಿತು. "ನಮ್ಮ ಸುಣ್ಣ ಅವ್ಳ ಮಷಿನಿಗಿಂತ ಜೋರು!" ಎಂದು ಅಮ್ಮ ತಮ್ಮನಿಗೆ ತೋರಿಸಿ ಹಿಗ್ಗಿದಳು. ಬಣ್ಣ ಹೆಚ್ಚಾದರೆ ಗುಣ ಹೆಚ್ಚು ಎಂದು ಅವಳು ತಿಳಿದಳು. ಅವಳಿಗೆ ಹಾಗೆ ಕಲಿಸಿದ್ದರು. ಹಗಲಿಡೀ ಬಾಯಲ್ಲಿ ಕವಳದ ಸುಣ್ಣ, ಜೊತೆಗೆ ಕ್ಯಾಲ್ಸಿಯಂ ಗುಳಿಗೆ, ಅದರ ಮೇಲೆ ಈ ತಿಳಿ.

ಮೊದಲು ಹೊಟ್ಟೆ ಕಟ್ಟಿತು. ಆಮೇಲೆ ಊಟ ಸೇರದಾಯಿತು, ವಾಂತಿ ಬಂತು, ಕೂತಲ್ಲೇ ತೂಕಡಿಕೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅಮ್ಮ ಗೆಳತಿಗೆ ಫೋನ್ ಮಾಡುತ್ತಿದ್ದಳು. ಒಂದು ಸಲ ನಾನೇ ಫೋನು ಕಸಿದುಕೊಂಡು ಕೇಳಿದೆ.

"ಹೆದರ್ಬೇಡ ಮಾರಾಯ್ತಿ," ಎಂದಳು ಅವಳು. "ಇಷ್ಟು ವರ್ಷದ ಕೊಳೆ ಹೊರಗೆ ಬರ್ತಾ ಇದೆ. ಎಲ್ಲರಿಗೂ ಹೀಂಗೇ ಆಗ್ತದೆ. ಈಗ ನಿಲ್ಸಿದ್ರೆ ಮಾಡಿದ್ದೆಲ್ಲ ವ್ಯರ್ಥ. ಅಮ್ಮಂಗೆ ಸ್ವಲ್ಪ ಜಾಸ್ತಿ ಹಾಕ್ಕಣುಕೆ ಹೇಳು."

ಎಷ್ಟು ಜಾಸ್ತಿ ಎನ್ನುವುದನ್ನು ಅವಳು ಅಮ್ಮನಿಗೇ ಹೇಳುತ್ತಿದ್ದಳು, ನಾನು ಕಚೇರಿಯಲ್ಲಿರುವ ಹೊತ್ತಿನಲ್ಲಿ.

ಆ ಬೆಳಗ್ಗೆ ನಾನು ಕೆಲಸಕ್ಕೆ ಹೊರಟು ಜಗಲಿಗೆ ಬಂದಾಗ ಅಮ್ಮ ಒಣಮೀನಿನ ಬುಟ್ಟಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಹೊರಗಿನವರು ಬಂದಾಗ ಮಾಡುವ ಹಾಗೆ.

"ಯಾರ ಮನೆ ಹುಡ್ಗಿಯೇ ನೀನು? ಕೂಕಾ. ಆಸರಿಗೆ ಎಂತ ಕೊಡ್ಲಿ?"

ನಾನು ತಮಾಷೆ ಎಂದುಕೊಂಡೆ. ಅವಳು ಏಳಲು ಹೋದಳು, ಕಾಲು ಮಡಚಿಕೊಂಡು ಬುಟ್ಟಿಯ ಮೇಲೆ ಬಿದ್ದಳು. ಮೀನೆಲ್ಲ ಅಂಗಳಕ್ಕೆ ಚೆಲ್ಲಿತು. ಬಿದ್ದಲ್ಲಿಂದಲೇ, "ಬೆಲ್ಲ ಒಳಗದೆ, ತಕಂಬತ್ತೆ ತಡಿ," ಎನ್ನುತ್ತಿದ್ದಳು. ಒಂಬತ್ತು ತಿಂಗಳು ಹೊತ್ತವಳಿಗೆ ನಾನು ನೆಂಟಳಾಗಿದ್ದೆ.

ತಮ್ಮ ರಿಕ್ಷಾ ತಂದ. ಕುಮಟಾದ ಆಸ್ಪತ್ರೆಯಲ್ಲಿ ಮೊದಲು ಪಾರ್ಶ್ವವಾಯು ಇರಬಹುದು ಎಂದರು. ರಕ್ತ ಪರೀಕ್ಷೆ ಬಂದ ಮೇಲೆ ಡಾಕ್ಟರು ನನ್ನನ್ನು ಕರೆದು, "ಏನು ಕೊಟ್ಟಿದ್ದೀರಿ ಇವರಿಗೆ? ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಏರಿದೆ. ಕಿಡ್ನಿಗೆ ಪೆಟ್ಟು ಬಿದ್ದಿದೆ," ಎಂದರು. ಗುಳಿಗೆ, ಕವಳ, ಸುಣ್ಣದ ತಿಳಿ, ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ತಿಳಿ ಎಷ್ಟು? ದಿನಕ್ಕೆ ಎಷ್ಟು ಚಮಚ, ಎಷ್ಟು ದಿನದಿಂದ? ದೊಡ್ಡ ಆಸ್ಪತ್ರೆಗೆ ಬರೆದುಕೊಡಬೇಕು. ಅಂದಾಜಾದರೂ ಬೇಕು."

ಅಮ್ಮನನ್ನು ಕೇಳುವ ಸ್ಥಿತಿ ಇರಲಿಲ್ಲ. ಉತ್ತರ ಗೊತ್ತಿದ್ದದ್ದು ಇನ್ನೊಬ್ಬಳಿಗೆ ಮಾತ್ರ. ಡಾಕ್ಟರ ಎದುರಿನಲ್ಲೇ ಫೋನ್ ಮಾಡಿದೆ. ಎತ್ತಿದಳು. ಅಮ್ಮನಿಗೆ ಎಚ್ಚರ ತಪ್ಪುತ್ತಿದೆ, ಭಟ್ಕಳದ ಆಚೆ ದೊಡ್ಡ ಆಸ್ಪತ್ರೆಗೆ ಈಗಲೇ ಆಂಬುಲೆನ್ಸಿನಲ್ಲಿ ಹೊರಡುತ್ತೇವೆ, ತಿಳಿ ಎಷ್ಟು ಚಮಚ ಹಾಕಿಕೊಳ್ಳಲು ಹೇಳಿದ್ದೆ ಎಂದು ಕೇಳಿದೆ.

ಅವಳ ಹಿಂದಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಸುಣ್ಣವಾ? ನಾನೆಲ್ಲಿ ಸುಣ್ಣ ಹಾಕುಕೆ ಹೇಳ್ದೆ?"

"ಮಾರಾಯ್ತಿ, ನಾನು ಪಕ್ಕದಲ್ಲೇ ಇದ್ದೆ. ಈಗ ತಪ್ಪು ಯಾರದು ಅಂತ ಕೇಳ್ತಾ ಇಲ್ಲ. ಎಷ್ಟು ಅಂತ ಹೇಳು, ಸಾಕು. ಡಾಕ್ಟರಿಗೆ ಬೇಕಂತೆ."

"ನಾನು ಹಾಂಗೆಲ್ಲ ಹೇಳೂದೇ ಇಲ್ಲ. ಅಮ್ಮ ಅವ್ರಷ್ಟಕ್ಕೇ ಎಂತ ಮಾಡ್ಕಂಡ್ರೋ. ನಮ್ಮ ನೀರಿಗೆ ಕೆಟ್ಟ ಹೆಸ್ರು ತರ್ಬೇಡ, ದಮ್ಮಯ್ಯ. ಇಲ್ಲಿ ಈಗ ಜನ ಇದ್ರು, ಆಮೇಲೆ ಮಾಡ್ತೆ."

ಫೋನು ಇಟ್ಟಳು. ಡಾಕ್ಟರು ನನ್ನ ಮುಖ ನೋಡಿದರು, ಕಾಗದದಲ್ಲಿ 'ಪ್ರಮಾಣ ತಿಳಿದಿಲ್ಲ' ಎಂದು ಬರೆದರು. ಒಂದು ಚಮಚವೋ ಐದು ಚಮಚವೋ, ಒಂದು ಮಾತು. ಆ ಒಂದು ಮಾತನ್ನು ಅವಳು ನನ್ನ ಅಮ್ಮನ ಜೀವಕ್ಕಾಗಿಯೂ ಕೊಡಲಿಲ್ಲ.

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟುವಾಗ ಹಿಂದಿನಿಂದ ತಮ್ಮ ಕೂಗಿದ: "ಅಕ್ಕಾ, ಅಮ್ಮ ನೀಲಿ ನೀರು ಬೇಕು ಅಂತದೆ." ಆಮೇಲೆ ಶಿರಾಲಿ ಬಂತು. ಅಲ್ಲಿ ಕಂಡದ್ದನ್ನು ಮೊದಲೇ ಹೇಳಿದ್ದೇನೆ.

ದೊಡ್ಡ ಆಸ್ಪತ್ರೆಯಲ್ಲಿ ಸಲೈನ್ ಏರಿಸುತ್ತಲೇ ಇದ್ದರು. ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು: ಮಷಿನಿನ ನೀರು ಬರೀ ನೀರೇ, ಹೊಟ್ಟೆಗೆ ಇಳಿದರೆ ಅದರ ಕ್ಷಾರ ಉಳಿಯುವುದಿಲ್ಲ, ಅದರಿಂದ ಹೇಳಿಕೊಳ್ಳುವ ಲಾಭವೂ ಇಲ್ಲ. ಕೆಡಿಸಿದ್ದು ಸುಣ್ಣ, ಗುಳಿಗೆ ಎರಡೂ ಸೇರಿ. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಮಾತನ್ನು ಅಲ್ಲಿಗೇ ಬಿಟ್ಟರು.

ಆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನನಗೆ ದಾಸವಾಳ ನೆನಪಾಯಿತು. ಕಾಲೇಜಿನ ದಿನಗಳಲ್ಲಿ ಗೆಳತಿ ನಮ್ಮ ಅಂಗಳದ ಕೆಂಪು ದಾಸವಾಳದ ಎಸಳು ಕಿವುಚಿ ಎರಡು ಲೋಟಕ್ಕೆ ರಸ ಹಿಂಡಿದ್ದಳು. ಒಂದಕ್ಕೆ ಲಿಂಬೆ ಹುಳಿ ಬಿಟ್ಟಳು, ಕಡುಗೆಂಪಾಯಿತು. ಇನ್ನೊಂದಕ್ಕೆ ಅಮ್ಮನ ಕವಳದ ಡಬ್ಬಿಯಿಂದಲೇ ಚೂರು ಸುಣ್ಣ ತೆಗೆದು ಹಾಕಿದಳು, ಹಸಿರಾಯಿತು. ಅಮ್ಮ ಹೌಹಾರಿ, "ಎಂತ ಮಾಟವೇ ಇದು!" ಎಂದಳು. ಗೆಳತಿ ನಕ್ಕು ಹೇಳಿದ್ದಳು: "ಮಾಟ ಅಲ್ಲ ಅಮ್ಮಾ, ಬರೀ ಬಣ್ಣ. ಇದ್ರಿಂದ ರೋಗ ಬರೂದೂ ಇಲ್ಲ, ಹೋಗೂದೂ ಇಲ್ಲ. ಕುಡೀಬೇಡಿ ಮತ್ತೆ, ಸುಣ್ಣ ಹೊಟ್ಟೆ ಸುಡ್ತದೆ."

ಅಂದರೆ ಅವಳಿಗೆ ಎಲ್ಲವೂ ಗೊತ್ತಿತ್ತು. ಬಣ್ಣ ಬರೀ ಬಣ್ಣ ಎನ್ನುವುದೂ, ಸುಣ್ಣ ಸುಡುತ್ತದೆ ಎನ್ನುವುದೂ. ಅದೇ ಅಂಗಳ, ಅದೇ ಡಬ್ಬಿ, ಅದೇ ಹೆಂಗಸು. ಗೊತ್ತಿಲ್ಲದೆ ಮಾಡಿದ್ದಳು ಎಂದು ನಂಬಲು ನನಗಿದ್ದ ಒಂದೇ ಒಂದು ದಾರಿಯನ್ನು ಅವಳೇ ಹಿಂದೆ ಯಾವಾಗಲೋ ನಗುತ್ತಾ ಮುಚ್ಚಿಬಿಟ್ಟಿದ್ದಳು.

ಅಮ್ಮನಿಗೆ ಮೆಲ್ಲಗೆ ನೆನಪು ಮರಳಿತು. ಮೊದಲು ತಮ್ಮನನ್ನು ಗುರುತಿಸಿದಳು, ಆಮೇಲೆ ನನ್ನನ್ನು. "ಯಾಕೆ ಹೀಂಗೆ ಒಣ ಬೆಳ್ಳಂಜಿ ಮೀನ್ ಹಾಂಗಾಗಿದೆ ನಿನ್ನ ಮುಖ?" ಎಂದು ಕೇಳಿದಾಗ ನಾನು ಗೋಡೆಯ ಕಡೆ ತಿರುಗಿ ಅತ್ತೆ. ಮುಂದಿನ ಪ್ರಶ್ನೆ ಕವಳದ್ದು. ಇನ್ನು ಸುಣ್ಣ ಮುಟ್ಟುವ ಹಾಗಿಲ್ಲ ಎಂದಾಗ ಡಾಕ್ಟರನ್ನು, ಅವರ ಮನೆಯವರನ್ನು ಎಲ್ಲ ಬಯ್ದಳು. ಗೆಳತಿಯ ಬಗ್ಗೆ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. "ಅವ್ಳು ಫೋನ್ ಮಾಡಿದ್ಲಾ?" ಎಂದು ಮಾತ್ರ ಆಗಾಗ ಕೇಳುತ್ತಿದ್ದಳು.

ಅವಳು ಫೋನ್ ಮಾಡಲಿಲ್ಲ. ಬೋಟುಗಳು ಮತ್ತೆ ಕಡಲಿಗೆ ಇಳಿದ ಮೇಲೆ, ಒಂದು ಭಾನುವಾರ ಬೆಳಗ್ಗೆ ನೇರವಾಗಿ ಬಂದಳು. ತದಡಿಯ ಹೆಂಗಸರು ಅವಳ ನೀರು ಬಿಟ್ಟಿದ್ದರು, ಮಾತು ಹೊನ್ನಾವರದ ತನಕ ಹೋಗಿತ್ತು. ಅವಳು ಬಂದದ್ದು ಅದಕ್ಕೆ ಎಂದು ನನಗೆ ಆಮೇಲೆ ತಿಳಿಯಿತು. ನಾನು ಬಾಗಿಲಲ್ಲೇ ನಿಂತೆ. ಒಳಗೆ ಬಾ ಎನ್ನಲಿಲ್ಲ. ಅಮ್ಮ ಎದ್ದಳು, ಗೋಡೆ ಹಿಡಿದು ಒಳಗೆ ಹೋದಳು, ಬೆಲ್ಲದ ತುಂಡು, ತಂಬಿಗೆ ಎರಡನ್ನೂ ಹಿಡಿದು ಬಂದಳು.

"ಕೂಕಾ. ಬಿಸಿಲಲ್ಲಿ ಬಂದಿ."

ಅವಳು ತಂಬಿಗೆ ತೆಗೆದುಕೊಂಡಳು. ಒಂದು ಗುಟುಕು ಕುಡಿದಳು. ತಂಬಿಗೆಯನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದುಕೊಂಡಳು. ಅಮ್ಮನ ಆರೋಗ್ಯ ಕೇಳಿದಳು, ತಮ್ಮನ ಬೋಟಿನ ಸುದ್ದಿ ಕೇಳಿದಳು, ಅತ್ತಳು ಕೂಡ. ತಂಬಿಗೆ ಮಾತ್ರ ಕೈಯಲ್ಲೇ ಇತ್ತು. ಆಮೇಲೆ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರಿಗೆ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ಅಮ್ಮಾ, ನೀವೇ ಹೇಳಿ. ಸುಣ್ಣ ಹಾಕ್ಕಣಿ ಅಂತ ನಾನು ಹೇಳಿದ್ನಾ?"

ಬೀದಿಯ ಹೆಂಗಸರು ನಿಂತರು. ನಾನು ಅಮ್ಮನ ಬಾಯನ್ನೇ ನೋಡುತ್ತಿದ್ದೆ. ಅಮ್ಮ ನೋಡುತ್ತಿದ್ದದ್ದು ನನ್ನನ್ನೂ ಅಲ್ಲ, ಅವಳ ಮುಖವನ್ನೂ ಅಲ್ಲ. ಅವಳ ಕೈಯನ್ನು. ತಂಬಿಗೆಯ ಸುತ್ತ ಬಿಗಿದಿದ್ದ ಬೆರಳುಗಳನ್ನು.

"ಇಲ್ಲ," ಎಂದಳು ಅಮ್ಮ. "ನೀ ಹೇಳ್ಲಿಲ್ಲ. ನಾನೇ ಹಾಕ್ಕಂಡದ್ದು."

ಗೆಳತಿ ಎದ್ದಳು. ಬರುತ್ತೇನೆ ಎಂದಳು. ತಂಬಿಗೆ ಹಿಡಿದುಕೊಂಡೇ ಅಂಗಳ ದಾಟಿದಳು, ಗೇಟಿನ ಹೊರಗೆ ಹೋಗಿ, ಅಲ್ಲಿಯ ಕಂಬದ ಮೇಲೆ ಅದನ್ನಿಟ್ಟು ಸ್ಕೂಟರ್ ಹತ್ತಿದಳು. ತಿರುಗಿ ನೋಡಲಿಲ್ಲ. ನಾನು ಅಮ್ಮನ ಮೇಲೆ ರೇಗಿದೆ. ನನ್ನ ಎದುರಿಗೇ ನನ್ನನ್ನು ಸುಳ್ಳಿ ಮಾಡಿದೆ, ಸತ್ತು ಬದುಕಿದ್ದಕ್ಕೆ ಬೆಲೆಯೇ ಇಲ್ಲವಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ.

"ತಂಬಿಗೆ ಒಳಗೆ ತಕಂಬಾ," ಎಂದಳು ಅಮ್ಮ.

ಹೋಗಿ ತಂದೆ. ಅದರಲ್ಲಿ ನೀರು ಹೆಚ್ಚುಕಡಿಮೆ ಹಾಗೇ ಇತ್ತು. ಅಮ್ಮ ಒಳಗೆ ಇಣುಕಿ ನೋಡಿ ಅದನ್ನು ದಾಸವಾಳದ ಬುಡಕ್ಕೆ ಚೆಲ್ಲಿದಳು.

"ಆಸರಿ ಇರ್ಲಿಲ್ಲ ಅವ್ಳಿಗೆ," ಎಂದಳು. "ಕೆಳಗಿಡ್ತಾಳಾ ಅಂತ ನೋಡ್ತಾ ಇದ್ದೆ. ಇಡ್ಲೇ ಇಲ್ಲ."